ಐಡಿ ಕಾರ್ಡಿನ ಜೊತೆ ಹೋಗುವ ವಿಮೆ

ಕೆಲಸ ಬಿಡುವ ದಿನ ಎಚ್‌ಆರ್ ವಿಭಾಗದವರು ಒಂದು ಹಾಳೆ ಮುಂದಿಡುತ್ತಾರೆ. ಲ್ಯಾಪ್‌ಟಾಪ್, ಚಾರ್ಜರ್, ಐಡಿ ಕಾರ್ಡ್, ಡ್ರಾಯರಿನ ಬೀಗದ ಕೈ, ಕ್ಯಾಂಟೀನ್ ಬಾಕಿ. ನಾವು ಕೊಡಬೇಕಾದ್ದೆಲ್ಲ ಅದರಲ್ಲಿರುತ್ತದೆ. ನಾವು ಕೇಳಿ ಪಡೆಯಬೇಕಾದ್ದೊಂದು ಮಾತ್ರ ಇರುವುದಿಲ್ಲ: ಗುಂಪು ಆರೋಗ್ಯ ವಿಮೆಯನ್ನು ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಯಾಗಿ ಮುಂದುವರಿಸುವ ಹಕ್ಕು.

2011ರ ಜನವರಿಯಲ್ಲಿ ಮೊಬೈಲ್ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಬಂತು. ಅದೇ ವರ್ಷ ಅಕ್ಟೋಬರ್ 1ರಿಂದ ಆರೋಗ್ಯ ವಿಮೆಗೂ ಪೋರ್ಟಬಿಲಿಟಿ ಬಂತು. ಮೊದಲಿನದು ತರಕಾರಿ ಅಂಗಡಿಯವರಿಗೂ ಗೊತ್ತು. ಎರಡನೆಯದು, ಅದರಲ್ಲೂ ಗುಂಪಿನಿಂದ ಹೊರಬರುವವರಿಗೂ ಅನ್ವಯಿಸುವ ಭಾಗ, ಇಪ್ಪತ್ತು ವರ್ಷ ಐಟಿಯಲ್ಲಿ ದುಡಿದವರಿಗೂ ಅನೇಕ ವೇಳೆ ಗೊತ್ತಿರುವುದಿಲ್ಲ.

ಗೊತ್ತಿಲ್ಲದ್ದರ ಬೆಲೆ ಸಣ್ಣದಲ್ಲ. ಐವತ್ತು ದಾಟಿದ, ಶುಗರ್ ಇರುವ ಒಬ್ಬರನ್ನು ನೆನೆಸಿಕೊಳ್ಳಿ. ಆಫೀಸಿನ ಪಾಲಿಸಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ಹಳೆಯ ಕಾಯಿಲೆಗೂ ದುಡ್ಡು ಕೊಡುತ್ತದೆ. ಎಷ್ಟೋ ಕಡೆ ಅಪ್ಪ ಅಮ್ಮನೂ ಅದರಲ್ಲೇ ಇರುತ್ತಾರೆ. ಕೆಲಸ ಹೋಗಿ ಹೊಸದಾಗಿ ಪಾಲಿಸಿ ಮಾಡಿಸಿದರೆ ಅದೇ ಶುಗರ್‌ಗೆ ವರ್ಷಗಟ್ಟಲೆ ಕಾಯಬೇಕು. ನಡುವೆ ಬಿಡುವು ಬೀಳದಂತೆ ವರ್ಗಾಯಿಸಿಕೊಂಡರೆ ಗುಂಪಿನಲ್ಲಿ ಕಳೆದ ವರ್ಷಗಳು, ಹಳೆಯ ವಿಮಾ ಮೊತ್ತದಷ್ಟರ ಮಟ್ಟಿಗೆ, ಲೆಕ್ಕಕ್ಕೆ ಬರುತ್ತವೆ.

ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಕಾರ್ಖಾನೆ ತೆರೆಯಬೇಕಾದರೆ ಕಾರ್ಮಿಕರಿಗೆ ವೈದ್ಯಕೀಯ ವಿಮೆ ಕಡ್ಡಾಯ ಎಂದು ಗೃಹ ಸಚಿವಾಲಯ ಹೇಳಿತು. ಒಳ್ಳೆಯದೇ. ಆದರೆ ಅದೇ ವರ್ಷ ಕೆಲಸ ಕಳೆದುಕೊಂಡವರ ವಿಮೆಯೂ ಕೆಲಸದ ಜೊತೆಗೇ ಹೋಯಿತು.

ಆಮೇಲಿನ ಸುಧಾರಣೆಗಳನ್ನು ಅಲ್ಲಗಳೆಯುವಂತಿಲ್ಲ. 2024ರ ಏಪ್ರಿಲ್‌ನಿಂದ ಹಳೆಯ ಕಾಯಿಲೆಗೆ ಕಾಯುವ ಗರಿಷ್ಠ ಅವಧಿ 48 ತಿಂಗಳಿಂದ 36ಕ್ಕೆ ಇಳಿಯಿತು. ಐದು ವರ್ಷ ಸತತವಾಗಿ ಪಾಲಿಸಿ ನಡೆದರೆ, ವಂಚನೆ ಸಾಬೀತಾಗದ ಹೊರತು, ‘ಕಾಯಿಲೆ ಮುಚ್ಚಿಟ್ಟಿರಿ’ ಎಂದು ಕ್ಲೇಮ್ ತಳ್ಳಿಹಾಕುವಂತಿಲ್ಲ. ಮೊದಲು ಇದಕ್ಕೆ ಎಂಟು ವರ್ಷ ಬೇಕಿತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿಯೂ ಹೋಯಿತು.

ಆದರೂ ಇದು ಅರ್ಧ ಹಕ್ಕು ಎನ್ನುವುದೇ ನಮ್ಮ ಅಭಿಪ್ರಾಯ. ವರ್ಗಾವಣೆ ಕೇಳಬಹುದು, ಆದರೆ ಗುಂಪಿನಿಂದ ಬಂದವರ ಆರೋಗ್ಯವನ್ನು ಪರಿಶೀಲಿಸಿ ಕಂಪನಿ ತೀರ್ಮಾನಿಸುತ್ತದೆ. ಕಂತಿನ ಹೊರೆ ಅದುವರೆಗೆ ಮಾಲೀಕರು ಕಟ್ಟುತ್ತಿದ್ದದ್ದು. ಈಗ ಸಂಬಳ ನಿಂತ ತಿಂಗಳಲ್ಲೇ ಕೈಯಿಂದ ಕಟ್ಟಬೇಕು. ಇದಕ್ಕೆ ಪರಿಹಾರ ಸುಲಭವಲ್ಲ. ಆದರೆ ಆ ಹಾಳೆಯಲ್ಲಿ ‘ವಿಮೆ ಮುಂದುವರಿಸುವ ಅವಕಾಶ ತಿಳಿಸಲಾಗಿದೆ’ ಎಂಬ ಒಂದು ಸಾಲು ಸೇರಿಸುವುದಕ್ಕೆ ಯಾರಿಗೂ ಕಾಸು ಖರ್ಚಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು ಕಡ್ಡಾಯ ಮಾಡಲಿ.

ಅಲ್ಲಿಯವರೆಗೆ, ರಾಜೀನಾಮೆ ಪತ್ರ ಕೊಟ್ಟ ದಿನವೇ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಕೊನೆಯ ದಿನಕ್ಕೆ ತಿಂಗಳು ಮೊದಲೇ ವರ್ಗಾವಣೆಯ ಅರ್ಜಿಯನ್ನು ಇಮೇಲ್‌ನಲ್ಲಿ ಕಳಿಸಿ. ಫೋನಿನಲ್ಲಿ ಕೊಟ್ಟ ಭರವಸೆಯನ್ನು ನಂಬಿ ಕೂರಬೇಡಿ.