ಚಂಡೆ ಕೇಳಿಸಿದರೆ ಸಾಕೇ?

ಹೊನ್ನಾವರದ ಗುಣವಂತೆಯಲ್ಲಿ 1934ರಲ್ಲಿ ಹುಟ್ಟಿದ ಕೆರೆಮನೆಯವರ ಇಡಗುಂಜಿ ಮೇಳದ ಆಟ ನೋಡಿ ಬೆಳೆದ ಕಿವಿಗಳಿಗೆ ಸಂಗೀತದ ಪಾಠ ಬೇಕಿಲ್ಲ. ಆದರೆ ಮಗನ ಕಂಪ್ಯೂಟರಿಗೆ ಸ್ಪೀಕರ್ ಕೊಳ್ಳಲು ಹೊರಟ ಪಾಲಕರು, ಭಟ್ಕಳದವರಿರಲಿ ಕುಮಟಾದವರಿರಲಿ, ಆ ಕಿವಿಯನ್ನು ಮನೆಯಲ್ಲೇ ಬಿಟ್ಟು ಡಬ್ಬಿಯ ಮೇಲಿನ ವ್ಯಾಟ್ ಓದುತ್ತಾರೆ!

ಪಿಎಂಪಿಒ ಎಂಬ ಸಾವಿರಾರು ವ್ಯಾಟ್‌ನ ಅಂಕಿ ಬರೀ ಕ್ಷಣಮಾತ್ರದ ಲೆಕ್ಕ. ಕೇಳಬೇಕಾದ್ದು ಆರ್‌ಎಂಎಸ್. ಅದು ಇಮ್ಮಡಿಯಾದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಓದುವ ಕೋಣೆಗೆ 10-20 ವ್ಯಾಟ್ ಧಾರಾಳ.

ಅಂಗಡಿಗೆ ಹೋಗುವಾಗ ಮನೆಮಂದಿ ಹಲವು ಸಲ ಕೇಳಿದ ಯಕ್ಷಗಾನದ ಧ್ವನಿಮುದ್ರಣವನ್ನು ಒಯ್ಯಿರಿ. ಚಂಡೆ ಎಂಥ ಅಗ್ಗದ ಪೆಟ್ಟಿಗೆಯಲ್ಲೂ ಕೇಳಿಸುತ್ತದೆ, ಅದಕ್ಕೆ ಮರುಳಾಗಬೇಡಿ. ಮದ್ದಳೆಯ ತಗ್ಗು ದನಿ ಬರಬೇಕು, ಅದರೊಳಗೆ ಭಾಗವತರ ಪದ್ಯದ ಅಕ್ಷರ ಮುಳುಗಬಾರದು. ಚಿಕ್ಕ ಕೋನಿಗೆ ತಗ್ಗು ಸ್ವರಕ್ಕೆ ಬೇಕಾದಷ್ಟು ಗಾಳಿ ತಳ್ಳಲಾಗದು. 2.1 ಸೆಟ್ಟಿನಲ್ಲಿ ಸಬ್‌ವೂಫರ್ ಇರುವುದು ಅದಕ್ಕೇ. ಅದನ್ನು ಮೂಲೆಗೆ ತಳ್ಳಿದರೋ, (ಖಾಲಿ ಇರುವುದು ಮೂಲೆಯೇ, ನಿಜ!) ಗುಂಯ್‌ಗುಟ್ಟಿ ಪದ್ಯವನ್ನೇ ನುಂಗುತ್ತದೆ. ಉಳಿದೆರಡು ಕಿವಿಯ ಮಟ್ಟದಲ್ಲಿರಲಿ, ಅವುಗಳ ನಡುವಿನ ಅಂತರ ಕೇಳುವವರಿಂದ ಇರುವ ದೂರದಷ್ಟೇ ಇರಲಿ.

ಕರಾವಳಿಯ ಮಳೆಗಾಲದಲ್ಲಿ ಕಾಗದದ ಕೋನು ತೇವ ಹೀರುತ್ತದೆ. ಕಿಟಕಿಯ ಬುಡ ಬೇಡ.

ಇನ್ನು ವಾಲ್ಯೂಮ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು. 90ಕ್ಕೇರಿದರೆ ವಾರಕ್ಕೆ 4 ತಾಸು ಮಾತ್ರ. ಮಕ್ಕಳ ಕಿವಿಗೆ ಇನ್ನೂ ಕಡಿಮೆ.