ದ್ರಾಕ್ಷಿತೋಟದ ನಡುವೆ ಸೈಕಲ್ ದಾರಿ: ಬೆಳೆಗಾರನಿಗೇನು ಲಾಭ?

ಮಳೆ ಹಿಡಿಯುವ ಮುನ್ನ ಅಡಿಕೆ ಕೊನೆಗಳಿಗೆ ಮೈಲುತುತ್ತು–ಸುಣ್ಣದ ಮದ್ದು ಹೊಡೆಸದ ಬೆಳೆಗಾರ ನಮ್ಮ ಸೀಮೆಯಲ್ಲಿ ವಿರಳ. ಆ ಮದ್ದಿಗೆ ಬೋರ್ಡೋ ಎಂಬ ಹೆಸರು ಬಂದದ್ದು ಫ್ರಾನ್ಸ್ ದೇಶದ ಬೋರ್ಡೋ ಪಟ್ಟಣದಿಂದ ಎಂಬುದು ಅನೇಕ ಸದಸ್ಯರಿಗೆ ತಿಳಿದೇ ಇದೆ. ಅದು ಬಳಕೆಗೆ ಬಂದ ಬಗೆ ಅಷ್ಟಾಗಿ ತಿಳಿದಿರಲಾರದು. ಅಲ್ಲಿನ ಮೆದೋಕ್ ಸೀಮೆಯ ಬೆಳೆಗಾರರು ರಸ್ತೆಯಂಚಿನ ದ್ರಾಕ್ಷಿಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ರೋಗ ನಿವಾರಣೆ ಅವರ ಉದ್ದೇಶವಾಗಿರಲಿಲ್ಲ. ನೀಲಿ ಬಣ್ಣ ಕಂಡು ವಿಷವೆಂದು ಹೆದರಿ ದಾರಿಹೋಕರು ಹಣ್ಣು ಕದಿಯದಿರಲಿ ಎಂಬುದಷ್ಟೇ ಉಪಾಯ. 1882ರಲ್ಲಿ ಬೂಜುರೋಗ ಬಂದು ಒಳಗಿನ ಬಳ್ಳಿಗಳ ಎಲೆ ಉದುರಿದಾಗ, ರಸ್ತೆಯಂಚಿನವು ಮಾತ್ರ ಹಸಿರಾಗಿ ನಿಂತದ್ದನ್ನು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಯಾರ್ದೆ ಕಂಡರು. ಪ್ರಯೋಗ ನಡೆಸಿ 1885ರಲ್ಲಿ ಅದನ್ನು ಪ್ರಕಟಪಡಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು ಇದನ್ನು ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿದ ಬಳಿಕ ಅದು ನಮ್ಮ ತೋಟಗಳಿಗೆ ಬಂದಿತು.

ಅಂದು ದಾರಿಹೋಕನೆಂದರೆ ಬೆಳೆಗಾರನಿಗೆ ಕಳ್ಳ. ಇಂದು ಅದೇ ಬೋರ್ಡೋ ಸುತ್ತಿನಲ್ಲಿ ದಾರಿಹೋಕನನ್ನು ತೋಟದ ನಡುವೆಯೇ ಕರೆದೊಯ್ಯುವ ದಾರಿಗಳಾಗಿವೆ. ಇವು ಕಾರು, ಲಾರಿ, ಮೋಟಾರು ಸೈಕಲ್ಲುಗಳಿಗೆ ಪ್ರವೇಶವಿಲ್ಲದ, ಸೈಕಲ್ ಸವಾರರು ಮತ್ತು ನಡೆದು ಹೋಗುವವರಿಗೆಂದೇ ಇರುವ ದಾರಿಗಳು. ಪ್ರವಾಸೋದ್ಯಮದ ಮಾತು ನಮ್ಮ ತೋಟಗಳ ಗೇಟಿನವರೆಗೂ ಬಂದಿರುವ ಈ ದಿನಗಳಲ್ಲಿ, ಇಂಥ ದಾರಿಗಳಿಂದ ಬೆಳೆಗಾರನಿಗೆ ದೊರೆತದ್ದೇನು, ದೊರೆಯದ್ದೇನು ಎಂದು ವಿಚಾರ ಮಾಡುವುದು ಸೂಕ್ತವಾಗಿದೆ. ದಾರಿ ಒಳ್ಳೆಯದೇ, ಆದರೆ ಬೆಳೆಗಾರನು ತನ್ನ ಸಂಘದ ಮೂಲಕ ಆ ದಾರಿಯಂಚಿನಲ್ಲಿ ತಾನೇ ಬಾಗಿಲು ತೆರೆದರೆ ಮಾತ್ರ ಅದು ಅವನಿಗೆ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಕರಾವಳಿಯಿಂದ ತೋಟದವರೆಗೆ

ಫ್ರಾನ್ಸಿನ ಪಶ್ಚಿಮ ಕರಾವಳಿಯುದ್ದಕ್ಕೂ, ಉತ್ತರದ ರೋಸ್ಕಾಫ್ ಬಂದರಿನಿಂದ ಸ್ಪೇನ್ ಗಡಿಯ ಆಂದಾಯ್‌ವರೆಗೆ 1,200 ಕಿ.ಮೀ.ಗೂ ಮೀರಿದ ಸೈಕಲ್ ಮಾರ್ಗವಿದೆ. ವೆಲೊಡಿಸೆ ಎಂದು ಅದರ ಹೆಸರು. 2012ರಲ್ಲಿ ಅದರ ಉದ್ಘಾಟನೆಯಾಯಿತು. ಅದರ ಬಹುಭಾಗ ವಾಹನ ಸಂಚಾರದಿಂದ ಮುಕ್ತ. ಬೋರ್ಡೋ ಇರುವ ಜಿರೋಂದ್ ಜಿಲ್ಲೆಯಲ್ಲಿ ಈ ದಾರಿ ಸಮುದ್ರದ ಮರಳುದಿಬ್ಬಗಳ ಹಿಂದೆ, ಪೈನ್ ಮರಗಳ ಕಾಡಿನೊಳಗೆ ಸಾಗುತ್ತದೆ. ಹಾರುವ ಮರಳನ್ನು ತಡೆಯಲು ಮತ್ತು ಜೌಗು ನೆಲವನ್ನು ಒಣಗಿಸಲು ಬೆಳೆಸಿದ ಕಾಡು ಇದು. 1857ರ ಕಾನೂನಿನ ಬಳಿಕ ಬಹಳವಾಗಿ ಹಬ್ಬಿತು. ಕೆಲವೆಡೆ ಸವಾರರು ತುಳಿಯುವುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸೇನೆ ತನ್ನ ಕರಾವಳಿ ಕೋಟೆಗಳಿಗಾಗಿ ಹಾಕಿಸಿದ ಕಿರಿದಾದ ಸಿಮೆಂಟು ದಾರಿಯನ್ನೇ.

ಬೇಸಿಗೆಯಲ್ಲಿ ಜನ ಮುಗಿಬೀಳುವುದು ಸಮುದ್ರಕ್ಕೆ. ತೋಟದ ಸೀಮೆ ಇರುವುದು ಒಳನಾಡಿನಲ್ಲಿ. ಇವೆರಡನ್ನೂ ಸೇರಿಸುವ ಕೆಲಸವನ್ನು ಹಳೆಯ ರೈಲುದಾರಿಗಳು ಮಾಡಿವೆ. ಲಕನೋ ಕಡಲತೀರದಿಂದ ಬೋರ್ಡೋ ಕಡೆಗೆ ಸುಮಾರು 60 ಕಿ.ಮೀ.; ಬೋರ್ಡೋವಿನಿಂದ ಸೋವ್‌ತೇರ್-ದ-ಗಿಯೆನ್ ಎಂಬ ಊರಿಗೆ ಸುಮಾರು 57 ಕಿ.ಮೀ. ಎರಡೂ ಬಹುಪಾಲು ಹಳಿ ಕಿತ್ತ ರೈಲುದಾರಿಗಳೇ. ನಡುವಿನ ಪಟ್ಟಣವನ್ನು ದಾಟಿದರೆ, ಸಮುದ್ರದ ಮರಳಿನಿಂದ ದ್ರಾಕ್ಷಿಯ ಸಾಲುಗಳವರೆಗೆ ಲಾರಿಯ ಹೊಗೆ ಕುಡಿಯದೆ ಎರಡು ದಿನಗಳಲ್ಲಿ ನಿಧಾನವಾಗಿ ತಲುಪಬಹುದು.

ಹಳಿ ಕಿತ್ತ ಜಾಗದಲ್ಲಿ

ಬೋರ್ಡೋ–ಸೋವ್‌ತೇರ್ ದಾರಿಗೆ ರೊಜೆ ಲಪೆಬಿ ಅವರ ಹೆಸರಿದೆ. ಅವರು 1937ರ ಫ್ರಾನ್ಸ್ ಸುತ್ತಿನ ಸೈಕಲ್ ಸ್ಪರ್ಧೆಯಲ್ಲಿ ಗೆದ್ದವರು. ಗೇರು ಬದಲಿಸುವ ಸಾಧನಕ್ಕೆ ಆ ಸ್ಪರ್ಧೆಯಲ್ಲಿ ಅನುಮತಿ ದೊರೆತದ್ದು ಅದೇ ವರ್ಷ. ಆದರೆ ಅವರ ಹೆಸರಿನ ದಾರಿಯಲ್ಲಿ ಗೇರಿನ ಅಗತ್ಯ ಅಷ್ಟಾಗಿ ಇಲ್ಲ. ಉಗಿಬಂಡಿ ಕಡಿದಾದ ಏರು ಹತ್ತಲಾರದಷ್ಟೆ. ಆದುದರಿಂದ ಅಂದಿನ ಇಂಜಿನಿಯರುಗಳು ಗುಡ್ಡ ಕಡಿದು, ತಗ್ಗು ತುಂಬಿ, ಲಾ ಸೋವ್ ಎಂಬಲ್ಲಿ ಸುರಂಗವನ್ನೇ ಕೊರೆದು ಸಮನಾದ ದಾರಿ ಮಾಡಿದ್ದರು. ಆ ಶ್ರಮದ ಫಲ ಇಂದು ಮಕ್ಕಳಿಗೂ ಅರುವತ್ತು ದಾಟಿದವರಿಗೂ ಸಿಕ್ಕಿದೆ.

ಈ ಸೀಮೆಯ ಹೆಸರು ಆಂತ್ರ-ದ್ಯೂ-ಮೇರ್, ಎಂದರೆ ಎರಡು ಕಡಲುಗಳ ನಡುವಿನ ನಾಡು. ಕಡಲೆಂದರೆ ಇಲ್ಲಿ ಸಮುದ್ರದ ಭರತ ಏರಿ ಬರುವ ಗರೋನ್ ಮತ್ತು ದೋರ್ದೊಞ್ ನದಿಗಳು. ದಾರಿಯಲ್ಲಿ 1315ರಲ್ಲಿ ಕಟ್ಟಿದ ಕ್ರೆಯೋಂ ಎಂಬ ಕೋಟೆಪೇಟೆಯಿದೆ. 1079ರಲ್ಲಿ ಸ್ಥಾಪನೆಯಾದ ಲಾ ಸೋವ್ ಮಠದ ಅವಶೇಷವಿದೆ. ಕೊನೆಯಲ್ಲಿ 1281ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಕಟ್ಟಿಸಿದ ಸೋವ್‌ತೇರ್ ಇದೆ. ಕೆಲವು ಹಳೆಯ ರೈಲು ನಿಲ್ದಾಣಗಳು ಊಟದ ಮನೆಗಳಾಗಿವೆ. ಕ್ರೆಯೋಂ ನಿಲ್ದಾಣದಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ, ರಿಪೇರಿಯೂ ಆಗುತ್ತದೆ.

ಇಲ್ಲಿ ಬೆಳೆಗಾರರು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಇಂಥ ದಾರಿಗೆ ದೊಡ್ಡ ಪ್ರಮಾಣದಲ್ಲಿ ತೋಟದ ನೆಲ ಹೋಗಲಿಲ್ಲ. ರೈಲಿಗಾಗಿ ಹಿಂದೆಯೇ ಬಿಟ್ಟುಕೊಟ್ಟ ಪಟ್ಟಿಯಷ್ಟನ್ನೇ ಬಳಸಲಾಯಿತು. ಫ್ರಾನ್ಸಿನಲ್ಲಿ ಹಸಿರು ದಾರಿ ಎಂಬ ಹೆಸರಿನಲ್ಲಿ ಮೊದಲು ತೆರೆದದ್ದು ಬರ್ಗಂಡಿ ಪ್ರಾಂತದ ಜಿವ್ರಿಯಿಂದ ಕ್ಲೂನಿಗೆ ಹೋಗುವ ದಾರಿ, 1997ರಲ್ಲಿ. ಅದೂ ನಿಂತುಹೋದ ರೈಲುದಾರಿಯ ಮೇಲೆಯೇ, ಅದೂ ದ್ರಾಕ್ಷಿಯ ಸೀಮೆಯಲ್ಲಿಯೇ. 2004ರಲ್ಲಿ ಅಲ್ಲಿನ ಸಂಚಾರ ಕಾನೂನಿನಲ್ಲಿ ಹಸಿರು ದಾರಿಗೆ ಸ್ಥಾನ ದೊರೆತು, ಅದು ಮೋಟಾರಿಲ್ಲದ ವಾಹನಗಳಿಗೆ, ಪಾದಚಾರಿಗಳಿಗೆ ಮತ್ತು ಕುದುರೆ ಸವಾರರಿಗೆ ಮಾತ್ರ ಮೀಸಲೆಂದು ನಿಗದಿಯಾಯಿತು. ಕಾನೂನಿನ ಈ ಬಲವಿಲ್ಲದಿದ್ದರೆ ಆ ದಾರಿ ಕೆಲವೇ ವರ್ಷಗಳಲ್ಲಿ ಇನ್ನೊಂದು ಕಾರುರಸ್ತೆಯಾಗುತ್ತಿದ್ದುದರಲ್ಲಿ ಸಂಶಯವಿಲ್ಲ.

ಎರಡು ಬಾಟಲಿಯ ಗಿರಾಕಿ

ಸೈಕಲ್ ಸವಾರನು ಬೆಳೆಗಾರನಿಗೆ ಯಾವ ಬಗೆಯ ಗಿರಾಕಿ? ಕಾರಿನಲ್ಲಿ ಬಂದವನು ಹಿಂದಿನ ಡಿಕ್ಕಿಯಲ್ಲಿ ಮೂರು ಪೆಟ್ಟಿಗೆ ವೈನ್ ತುಂಬಿಕೊಂಡು ಹೋಗಬಲ್ಲ. ಸೈಕಲ್ಲಿನ ಚೀಲದಲ್ಲಿ ಹಿಡಿಸುವುದು ಒಂದೋ ಎರಡೋ ಬಾಟಲಿ. ಲೆಕ್ಕ ಇಷ್ಟಕ್ಕೇ ಮುಗಿಯುವುದಾದರೆ ಕಾರೇ ಮೇಲು. ಆದರೆ ಕಾರಿನವನು ಇಡೀ ಸೀಮೆಯನ್ನು ಒಂದು ತಾಸಿನಲ್ಲಿ ದಾಟಿ, ಹೆಸರು ಕೇಳಿದ ದೊಡ್ಡ ಬಂಗಲೆಯ ಮುಂದೆ ಮಾತ್ರ ನಿಲ್ಲುತ್ತಾನೆ. ಸೈಕಲ್ ಸವಾರನು ಹತ್ತು ಕಿ.ಮೀ.ಗೊಮ್ಮೆ ನೀರಿಗೆ, ನೆರಳಿಗೆ ನಿಲ್ಲಲೇಬೇಕು. ಮಧ್ಯಾಹ್ನದ ಊಟ, ರಾತ್ರಿಯ ಹಾಸಿಗೆ ಅವನಿಗೆ ಅದೇ ಊರಿನಲ್ಲಿ ಬೇಕು. ಹೆಸರಿಲ್ಲದ ಚಿಕ್ಕ ಬೆಳೆಗಾರನ ಬಾಗಿಲಿನಲ್ಲಿ ಅವನು ನಿಲ್ಲುವ ಸಂಭವ ಹೆಚ್ಚು.

ಇದನ್ನು ಅರಿತೇ ಆ ದೇಶದಲ್ಲಿ ಸೈಕಲ್ ಸ್ವಾಗತ ಎಂಬರ್ಥದ ಒಂದು ಗುರುತಿನ ಫಲಕ ಬಳಕೆಯಲ್ಲಿದೆ. ಸೈಕಲ್ ಮಾರ್ಗದಿಂದ 5 ಕಿ.ಮೀ. ಒಳಗಿರುವ ತಂಗುಮನೆಗಳಿಗೆ ಇದು ದೊರೆಯುತ್ತದೆ. ಸೈಕಲ್ ಭದ್ರವಾಗಿಡಲು ಜಾಗ, ಸಣ್ಣ ರಿಪೇರಿಗೆ ಸಲಕರಣೆ ಇರಬೇಕೆಂಬುದು ಷರತ್ತು. ಇದಕ್ಕೆ ದೊಡ್ಡ ಬಂಡವಾಳ ಬೇಡ. ಒಂದು ಕೊಟ್ಟಿಗೆ, ಒಂದು ಗಾಳಿ ಪಂಪು ಇದ್ದರೆ ಅರ್ಧ ಕೆಲಸ ಆದಂತೆಯೇ.

ಒಬ್ಬೊಬ್ಬನೇ ಬೆಳೆಗಾರನು ದಿನವಿಡೀ ಗಿರಾಕಿಗಾಗಿ ಕಾದು ಕೂರುವುದು ಸಾಧ್ಯವಿಲ್ಲ. ತೋಟದ ಕೆಲಸ ಕಾಯುವುದಿಲ್ಲ. ಸಹಕಾರ ಸಂಘದ ಪಾತ್ರ ಇರುವುದು ಇಲ್ಲಿಯೇ. ಬರ್ಗಂಡಿಯ ಹಸಿರು ದಾರಿಯ ಬದಿಯಲ್ಲಿರುವ ಬ್ಯುಸ್ಸಿ ಎಂಬ ಊರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ 1931ರಲ್ಲಿ ಹುಟ್ಟಿದ್ದು. ಬೋರ್ಡೋವಿನ ಆಗ್ನೇಯಕ್ಕೆ, ಗರೋನ್ ಕಾಲುವೆಯ ಬದಿಯ ಬ್ಯೂಜೆ ಸೀಮೆಯ ಸಂಘ 1953ರಲ್ಲಿ ಸ್ಥಾಪನೆಯಾಯಿತು. ಆ ಸೀಮೆಯ ವೈನಿನ ಬಹುಪಾಲು ತಯಾರಾಗುವುದು ಅಲ್ಲಿಯೇ. ಕಾಲುವೆಯ ಉದ್ದ 193 ಕಿ.ಮೀ. ಹಿಂದೆ ದೋಣಿಗಳನ್ನು ಕುದುರೆಯಿಂದ ಎಳೆಸುತ್ತಿದ್ದ ಅದರ ಏರಿಯೇ ಇಂದು ಸೈಕಲ್ ದಾರಿ. ದಾರಿ ಬರುವುದಕ್ಕೆ ಎಷ್ಟೋ ಮೊದಲು ಸಂಘಗಳಿದ್ದವು. ಗೋದಾಮು, ಲೆಕ್ಕ, ಮಾರಾಟದ ಕಟ್ಟೆ ಎಲ್ಲವೂ ಇದ್ದವು. ಇಂಥ ಸಂಘವಿರುವಲ್ಲಿ, ಬಂದ ಗಿರಾಕಿ ತಾನು ದಾಟಿ ಬಂದ ತೋಟದ ಒಡೆಯರ ಸಾಮಾನನ್ನು ಅವರದೇ ಅಂಗಡಿಯಲ್ಲಿ ಕೊಳ್ಳುತ್ತಾನೆ. ಸಂಘವಿಲ್ಲದ ಕಡೆ ಆ ಹಣ ಹೋಗುವುದು ಹೊರಗಿನಿಂದ ಬಂದು ಹೋಟೆಲು ಕಟ್ಟಿದವನಿಗೆ.

ದಾರಿಯಿಂದ ಬೆಲೆ ಏರುವುದಿಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಸದಸ್ಯರಿಗೆ ಅನ್ಯಾಯವಾದೀತು. ಆಂತ್ರ-ದ್ಯೂ-ಮೇರ್ ಸೀಮೆಯಲ್ಲಿ ಸುಂದರ ದಾರಿಯಿದೆ, ಮಠವಿದೆ, ನಿಲ್ದಾಣದ ಊಟವಿದೆ. ಬೆಳೆಗಾರನ ಸ್ಥಿತಿ ಮಾತ್ರ ಸುಂದರವಾಗಿಲ್ಲ. ಫ್ರಾನ್ಸಿನ ಜನರೇ ಕೆಂಪು ವೈನ್ ಕುಡಿಯುವುದನ್ನು ಕಡಿಮೆ ಮಾಡಿದರು. ಚೀನಾ ದೇಶದ ಖರೀದಿ ಕುಸಿಯಿತು. ಸಗಟು ಬೆಲೆ ಅನೇಕರಿಗೆ ಉತ್ಪಾದನಾ ವೆಚ್ಚಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಬೋರ್ಡೋ ಸೀಮೆಯಲ್ಲಿ ಸುಮಾರು 9,500 ಹೆಕ್ಟೇರು ದ್ರಾಕ್ಷಿಯನ್ನು ಬೇರುಸಹಿತ ಕೀಳಿಸುವ ಯೋಜನೆ ಪ್ರಕಟವಾಯಿತು. ಹೆಕ್ಟೇರಿಗೆ 6,000 ಯೂರೋ ಪರಿಹಾರ. ಒಂದು ಲಕ್ಷ ಹೆಕ್ಟೇರಿಗೂ ಮೀರಿ ತೋಟವಿದ್ದ ಸೀಮೆಯಲ್ಲಿ ಇದು ಸಣ್ಣ ಪೆಟ್ಟಲ್ಲ. ದೊಡ್ಡ ಹೆಸರಿನ ಬಂಗಲೆಗಳಿಗಿಂತ ಆಂತ್ರ-ದ್ಯೂ-ಮೇರ್‌ನಂಥ ಸಾಧಾರಣ ಬೆಲೆಯ ಸೀಮೆಗಳಿಗೇ ಅದು ಹೆಚ್ಚು ಬಿದ್ದಿತು.

ಸೈಕಲ್ಲಿನಲ್ಲಿ ಹೋಗುವ ಎರಡೆರಡು ಬಾಟಲಿಯಿಂದ ಈ ಕುಸಿತವನ್ನು ತಡೆಯುವುದು ಸಾಧ್ಯವಿರಲಿಲ್ಲ. ಪ್ರವಾಸಿಗಳು ಬಂದರೆ ಬೆಳೆಗಾರನ ಕಷ್ಟ ತೀರಿತೆಂದು ಹೇಳುವವರು ಈ ಲೆಕ್ಕವನ್ನು ನೋಡಬೇಕು. ದಾರಿಯು ಬೆಳೆಯ ಬೆಲೆಗೆ ಬದಲಿಯಲ್ಲ, ಮಾರುಕಟ್ಟೆಯ ಸಂಘಟನೆಗೂ ಬದಲಿಯಲ್ಲ. ತೋಟ ಕಿತ್ತು ಹೋದಲ್ಲಿ ದಾರಿಯ ಚೆಲುವೂ ಉಳಿಯಲಾರದು; ಸವಾರನು ನೋಡಬಂದದ್ದು ಸಾಲು ಹಿಡಿದ ಬಳ್ಳಿಗಳನ್ನೇ ಹೊರತು ಬೀಳುಬಿದ್ದ ಹೊಲವನ್ನಲ್ಲ. ಹೀಗಿರುವಲ್ಲಿ, ನೋಟವನ್ನು ಕಾಪಾಡುತ್ತಿರುವವನು ಬೆಳೆಗಾರನೆಂಬುದನ್ನು ಪ್ರವಾಸೋದ್ಯಮದವರು ಒಪ್ಪಿ, ಅದಕ್ಕೆ ತಕ್ಕ ಪಾಲನ್ನು ಕೊಡುವುದು ನ್ಯಾಯ.

ಮದ್ದಿನ ಪ್ರಶ್ನೆಯೂ ಇದೆ. ದ್ರಾಕ್ಷಿಗೆ ವರ್ಷದಲ್ಲಿ ಹಲವು ಬಾರಿ ಮದ್ದು ಹೊಡೆಯಬೇಕು. ವಾಸದ ಮನೆಗಳ ಸಮೀಪ ಮದ್ದು ಹೊಡೆಯುವಾಗ ಬಿಡಬೇಕಾದ ಅಂತರವನ್ನು ಫ್ರಾನ್ಸಿನಲ್ಲಿ 2019ರ ಡಿಸೆಂಬರಿನಲ್ಲಿ ಗೊತ್ತುಪಡಿಸಲಾಯಿತು. ಬೆಳೆ ಮತ್ತು ಔಷಧವನ್ನನುಸರಿಸಿ ಅದು 5, 10 ಅಥವಾ 20 ಮೀಟರು. ಸೈಕಲ್ ದಾರಿ ಮನೆಯಲ್ಲ, ನಿಜ. ಆದರೂ ಮಕ್ಕಳನ್ನು ಕರೆದುಕೊಂಡು ಹೋಗುವ ಸವಾರನು ಪಂಪಿನ ಸದ್ದು ಕೇಳಿದಾಗ ಅದೇ ಪ್ರಶ್ನೆಯನ್ನು ಕೇಳುತ್ತಾನೆ. ಮದ್ದು ಹೊಡೆಯುವ ದಿನಗಳಲ್ಲಿ ಯಾರು ಯಾರಿಗಾಗಿ ನಿಲ್ಲಬೇಕು ಎಂಬುದನ್ನು ದಾರಿ ತೆರೆಯುವ ಮೊದಲೇ ಮಾತಾಡಿಕೊಳ್ಳದಿದ್ದರೆ, ಆಮೇಲೆ ನಿಲ್ಲಬೇಕಾಗಿ ಬರುವುದು ಬೆಳೆಗಾರನೇ.

ನಮ್ಮ ಸದಸ್ಯರಿಗೆ

ಇದು ಸಮಶೀತೋಷ್ಣದ ಶ್ರೀಮಂತ ದೇಶದ ಶೋಕಿ, ಆರು ತಿಂಗಳು ಮಳೆಯಿರುವ ನಮಗೆ ಸಲ್ಲದು ಎಂದು ಕೆಲವರು ಹೇಳಬಹುದು. ಆ ಮಾತಿನಲ್ಲಿ ಸತ್ಯಾಂಶವಿದೆ. ಅವರಲ್ಲಿದ್ದಷ್ಟು ನಿಂತುಹೋದ ರೈಲುದಾರಿಗಳು ನಮ್ಮಲ್ಲಿಲ್ಲ. ತರೀಕೆರೆ–ನರಸಿಂಹರಾಜಪುರದ ಕಿರುಹಳಿ ರೈಲು ಎಂದೋ ನಿಂತಿದೆ. ಶಿವಮೊಗ್ಗ–ತಾಳಗುಪ್ಪದ ಹಳಿ ಅಗಲವಾಗಿ ಮತ್ತೆ ರೈಲು ಓಡುತ್ತಿದೆ. ಆದರೆ ಪ್ರವಾಸಿಗಳು ನಮ್ಮಲ್ಲಿಗೂ ಬರುತ್ತಲೇ ಇದ್ದಾರೆ. ಕಾಫಿ ಹೂ ಬಿಟ್ಟಾಗ, ಮಳೆ ಹಿಡಿದಾಗ, ವಾರದ ಕೊನೆಗೆ ಘಟ್ಟದ ದಾರಿಯಲ್ಲಿ ಕಾರುಗಳ ಸಾಲು. ಹಣ್ಣು ಸಾಗಿಸುವ ಟ್ರ್ಯಾಕ್ಟರು ಅದರ ಹಿಂದೆ ಕಾಯುತ್ತದೆ. ಬಂದವರು ತೋಟದ ಮುಂದೆ ಚಿತ್ರ ತೆಗೆದುಕೊಂಡು, ಪೇಟೆಯ ಅಂಗಡಿಯಲ್ಲಿ ಎಲ್ಲಿಯದೋ ಪುಡಿ ಕೊಂಡು ಹೋಗುತ್ತಾರೆ. ಜನ ಬರುವುದಂತೂ ಖಂಡಿತವಾಗಿರುವಾಗ, ಅವರು ಹೇಗೆ ಬರಬೇಕೆಂಬುದರಲ್ಲಿ ಬೆಳೆಗಾರನ ಮಾತು ನಡೆಯಬೇಡವೆ?

ಮುಂದೆಂದಾದರೂ ಹಳೆಯ ಟ್ರಾಂ ದಾರಿ, ನಾಲೆಯ ಏರಿ ಇಂಥವುಗಳ ಮೇಲೆ ಸೈಕಲ್ ಅಥವಾ ಕಾಲುದಾರಿಯ ಯೋಜನೆ ಸರ್ಕಾರದಿಂದ ಬಂದರೆ, ಸಂಘಗಳು ನಾಲ್ಕು ಮಾತುಗಳನ್ನು ಬಿಗಿಯಾಗಿ ಹಿಡಿಯುವುದು ಒಳಿತು. ಒಂದನೆಯದಾಗಿ, ಸಾರ್ವಜನಿಕ ಸ್ವತ್ತಾಗಿಯೇ ಇರುವ ಪಟ್ಟಿಯನ್ನು ಬಳಸಬೇಕು. ತೋಟದ ಒಂದು ಸಾಲೂ ಹೋಗಕೂಡದು. ಎರಡನೆಯದಾಗಿ, ಮೋಟಾರಿಗೆ ನಿಷೇಧ ಕಾನೂನಿನಲ್ಲೇ ಬರೆದಿರಬೇಕು. ಬೆಳೆಗಾರನ ಗಾಡಿ ಅಡ್ಡ ಹಾಯುವ ಹಕ್ಕೂ ಅದರಲ್ಲಿಯೇ ಇರಬೇಕು. ಮೂರನೆಯದಾಗಿ, ಮದ್ದು ಮತ್ತು ಕೊಯ್ಲಿನ ದಿನಗಳ ವ್ಯವಸ್ಥೆ ಮೊದಲೇ ಗೊತ್ತಾಗಬೇಕು. ನಾಲ್ಕನೆಯದಾಗಿ, ದಾರಿಯ ಬದಿಯಲ್ಲಿ ಮಾರಾಟದ ಮೊದಲ ಹಕ್ಕು ಆ ಊರಿನ ಬೆಳೆಗಾರರ ಸಂಘಕ್ಕೆ ಇರಬೇಕು.

ಈ ನಾಲ್ಕರಲ್ಲಿ ಕೊನೆಯದಕ್ಕಾಗಿ ಯಾವ ಯೋಜನೆಯನ್ನೂ ಕಾಯಬೇಕಾಗಿಲ್ಲ. ಸಂಘದ ಗೋದಾಮಿನ ರಸ್ತೆಬದಿಯ ಒಂದು ಕೋಣೆಯಲ್ಲಿ ಸದಸ್ಯರದೇ ಕಾಫಿಯನ್ನು ಹುರಿದು, ಪುಡಿ ಮಾಡಿ, ಊರಿನ ಹೆಸರು ಹಾಕಿ ಮಾರುವ ಏರ್ಪಾಟನ್ನು ಈ ಹಂಗಾಮಿನಲ್ಲಿಯೇ ಮಾಡಬಹುದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಬಗ್ಗೆ ಚರ್ಚೆಯಾಗಲಿ ಎಂಬುದು ನಮ್ಮ ಸೂಚನೆ.