ಕಂಡಿಕೆ ಸುತ್ತಿದವರ ಕೂಲಿ ಎಲ್ಲಿ ಹೋಯಿತು?

ಮನೆಯಲ್ಲೇ ಕುಳಿತು ದುಡಿಯುವುದನ್ನು 2020ರ ಲಾಕ್‌ಡೌನಿನಲ್ಲಿ ಕಂಪ್ಯೂಟರಿನವರು ಹೊಸದಾಗಿ ಕಂಡುಹಿಡಿದರು ಎಂಬಂತೆ ಮಾತಾಡುತ್ತಾರೆ. ನಮ್ಮ ಇಳಕಲ್, ಕಮತಗಿ, ಸೂಳೇಭಾವಿ ಕಡೆ ಬಂದು ನೋಡಿರಿ. ಪಡಸಾಲೆಯಲ್ಲೇ ಕುಣಿಮಗ್ಗ. ಉಣ್ಣುವುದು, ಮಲಗುವುದು, ಬಾಣಂತನ, ಎಲ್ಲಾ ಅದರ ಮಗ್ಗಲಿಗೇ. ಎರೆಹೊಲದ ನಮ್ಮದು ಬೇರೆ. ಮಲೆನಾಡಿನವರಂತೆ ಮನೆ ಸುತ್ತ ತೋಟ ಇಲ್ಲ. ಊರು ಒಂದು ಕಡೆ, ಹೊಲ ಎರಡು ಮೈಲು ಆಚೆ. ಬುತ್ತಿ ಕಟ್ಟಿಕೊಂಡು ಹೋಗಬೇಕು. ಆದರೆ ಸಂಜೆ ತಿರುಗಿ ಬಂದರೆ ಹೊಲ ನಮ್ಮ ಬೆನ್ನು ಹತ್ತಿ ಮನೆಗೆ ಬರುವುದಿಲ್ಲ.

ನಮ್ಮ ಓಣಿಯ ನೇಕಾರರ ಮನೆಯ ಹೆಣ್ಣುಮಗಳು ಎರಡು ವರ್ಷದಿಂದ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಾಳೆ. ಕಟ್ಟೆ ಮೇಲೆ ಕೂತ ಹಿರಿಯರಿಗೆ ಇದು ಸೇರುವುದಿಲ್ಲ. ‘ನೆರಳಾಗ ಕುಂತು ದುಡಿಯೋದು ಬಿಟ್ಟು ಬಿಸಿಲಾಗ ಯಾಕ ಹೋಗತಾಳ?’ ಅಂತಾರ. ನಾನೂ ಕೇಳಿದೆ. ‘ಕಾಕಾ, ನಿಮ್ಮ ಹೊಲಕ್ಕ ಬಂದ್ರ ಸಂಜೀಕ ನನ್ನ ಕೈಯಾಗ ರೊಕ್ಕ ಬೀಳತೈತಿ. ಮಗ್ಗದ ರೊಕ್ಕ ನಾ ಕಂಡೇ ಇಲ್ಲ’ ಅಂದಳು.

ಆಕೆಯ ಮಾತು ಖರೆ. ಇಳಕಲ್ ಸೀರೆಗೆ ಒಡಲಿನ ಹಾಸು ಬೇರೆ, ಟೋಪತೆನಿ ಸೆರಗಿನ ರೇಷ್ಮೆ ಹಾಸು ಬೇರೆ. ಒಂದೊಂದು ಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಲಾಳಿಗೆ ಕಂಡಿಕೆ ಸುತ್ತಬೇಕು. ಇದನ್ನೆಲ್ಲ ಹೆಚ್ಚಾಗಿ ಮಾಡುವವರು ಮನೆಯ ಹೆಂಗಸರು, ಮುದುಕರು. ನೂಲು ಕೊಡುವ ಸಾವಕಾರ ಕೂಲಿ ಕೊಡುವುದು ಮಾತ್ರ ಸೀರೆಗೆ ಇಷ್ಟು ಅಂತ, ಮಗ್ಗಕ್ಕೆ ಕೂತವನ ಕೈಗೆ. 2019-20ರ ನಾಲ್ಕನೇ ಕೈಮಗ್ಗ ಗಣತಿಯಲ್ಲಿ ದೇಶದ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರ ಪೈಕಿ ಎಂಟು ಲಕ್ಷಕ್ಕೂ ಮಿಕ್ಕಿದವರನ್ನು ಪೂರಕ ಕೆಲಸದವರು ಎಂದು ಬೇರೆಯೇ ಎಣಿಸಿದ್ದಾರೆ. ತಲೆ ಎಣಿಸಿದರು, ಕೂಲಿ ಎಣಿಸುವವರು ಯಾರು?

ನಾವು ರೈತರು ಬೆಲೆ ಸಿಗಲಿಲ್ಲ ಅಂತ ಒದರಾಡುತ್ತೇವೆ, ಅದು ಸರಿಯೇ. ಆದರೂ ಜೋಳದ ಬೆಂಬಲ ಬೆಲೆ ಕಟ್ಟುವಾಗ ಬೀಜ, ಗೊಬ್ಬರದ ಜತೆಗೆ ಮನೆಮಂದಿಯ ದುಡಿಮೆಗೂ ಕೂಲಿ ಹಿಡಿಯುತ್ತಾರೆ. ಆ ಬೆಲೆ ಪೇಟೆಯಲ್ಲಿ ಕೈಗೆ ಹತ್ತುತ್ತದೋ ಇಲ್ಲವೋ, ಲೆಕ್ಕದಲ್ಲಾದರೂ ಐತಿ. ಸೀರೆಗೆ ಆ ಲೆಕ್ಕವೂ ಇಲ್ಲ.

ಮಗ್ಗ ಬಿಟ್ಟ ಹುಡುಗರು ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗುತ್ತಾರೆ. ಆ ಕಲ್ಲಿನ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ, ಗೊತ್ತಿದ್ದೇ ಹೋಗುತ್ತಾರೆ. ವಾರಕ್ಕೊಮ್ಮೆ ಪಗಾರ ಬರುತ್ತದಲ್ಲ. ಮನೆಯಲ್ಲಿ ಮಗ್ಗ ಇದ್ದವರು ಸ್ವತಂತ್ರರು ಎನ್ನುವವರು 2020ನ್ನು ನೆನೆಸಿಕೊಳ್ಳಲಿ. ಸೀರೆ ಕೊಳ್ಳುವವರಿಲ್ಲದೆ ಮಗ್ಗ ಮನೆಯೊಳಗೇ ನಿಂತಿತು. ಕಂಪ್ಯೂಟರಿನವರಿಗೆ ತಿಂಗಳಿಗೆ ತಿಂಗಳು ಸಂಬಳ ಬಂತು. ನೇಕಾರರಿಗೆ ಸರಕಾರ ಆ ವರ್ಷ ನೇಕಾರ ಸಮ್ಮಾನ ಅಂತ ವರ್ಷಕ್ಕೆ 2000 ರೂಪಾಯಿ ಘೋಷಿಸಿತು.

ನಾನು ಹೇಳುವುದಿಷ್ಟೆ. ಸೀರೆ ಒಪ್ಪಿಸಿದ ದಿನ ಸಾವಕಾರನ ವಹಿಯಲ್ಲಿ ಎರಡು ಹೆಸರು ಬರೆಯಲಿ, ಕಂಡಿಕೆ-ಕೊಂಡಿಯ ಕೂಲಿ ಬೇರೆಯೇ ಆಕೆಯ ಕೈಗೆ ಕೊಡಲಿ. ಅಲ್ಲಿಯವರೆಗೆ ಆಕೆ ಕಳೆ ತೆಗೆಯಲು ಬಂದರೆ ಬೇಡ ಎನ್ನಲು ನಾವ್ಯಾರು? ಅಡಿಕೆ ಸೀಮೆಯವರು ಮನೆಯ ಹೆಂಗಸರು ಅಡಿಕೆ ಸುಲಿದದ್ದನ್ನು ಖರ್ಚಿನಲ್ಲಿ ಹಿಡಿಯುತ್ತೀರಾ? ಹಿಡಿದರೆ ಹೇಗೆ ಅಂತ ಬರೆಯಿರಿ.